ಹೆದ್ದಾರಿಯ ಗೆರೆ ಎಳೆದ ಮೇಲೆ ಊರನ್ನು ಕೇಳಿದರೆ ಏನಾಗುತ್ತದೆ?

ಪತ್ರಿಕೆಯ ಒಳಪುಟಗಳಲ್ಲಿ ಆಗಾಗ ಒಂದು ಜಾಹೀರಾತು ಬರುತ್ತದೆ. ಸಣ್ಣ ಅಕ್ಷರ, ಉದ್ದನೆಯ ಪಟ್ಟಿ. ತಾಲ್ಲೂಕು, ಗ್ರಾಮ, ಸರ್ವೆ ನಂಬರ್, ವಿಸ್ತೀರ್ಣ. ಜೊತೆಗೆ, 21 ದಿನಗಳ ಒಳಗೆ ಆಕ್ಷೇಪಣೆ ಸಲ್ಲಿಸಬಹುದು ಎಂಬ ಒಂದು ಸಾಲು. ಹೆದ್ದಾರಿ ಬರುವ ಸುದ್ದಿ ಇರುವ ಊರುಗಳಲ್ಲಿ ಈ ಸಾಲು ಓದಿದವರಿಗೆ ಸರ್ಕಾರ ನಮ್ಮ ಅಭಿಪ್ರಾಯ ಕೇಳುತ್ತಿದೆ ಅನ್ನಿಸುತ್ತದೆ. ರಸ್ತೆ ಎಲ್ಲಿ ಹೋಗಬೇಕು, ಅಂಡರ್‌ಪಾಸ್ ಎಲ್ಲಿರಬೇಕು ಅಂತ ಹೇಳಲು ಇದೇ ಸಮಯ ಎಂದುಕೊಂಡು ರೈತರು, ಅಂಗಡಿಯವರು, ಪಂಚಾಯಿತಿ ಸದಸ್ಯರು ಮನವಿ ಬರೆಯುತ್ತಾರೆ. ಎಷ್ಟೋ ಕಡೆ ಅದಕ್ಕೆ ಸಿಗುವ ಉತ್ತರ ಒಂದೇ: ಆಕ್ಷೇಪಣೆ ತಿರಸ್ಕರಿಸಲಾಗಿದೆ.

ಇನ್ನೊಂದು ಸುದ್ದಿಯೂ ಓದುಗರಿಗೆ ಅರ್ಥವಾಗದೆ ಉಳಿದಿದೆ. ಬೆಂಗಳೂರು–ಮೈಸೂರು ಹೆದ್ದಾರಿ 2023ರಲ್ಲಿ ಉದ್ಘಾಟನೆಯಾಯಿತು. ಆಮೇಲೆ ಅದೇ ರಸ್ತೆಗೆ ಸ್ಕೈವಾಕ್ ಬೇಕು, ಹತ್ತುವ ಇಳಿಯುವ ದಾರಿ ಸರಿಯಾಗಬೇಕು, ಸರ್ವಿಸ್ ರಸ್ತೆ ಪೂರ್ತಿ ಮಾಡಬೇಕು ಎಂದು ಮತ್ತೆ ಕಾಮಗಾರಿಯ ಮಾತು ಶುರುವಾಯಿತು. ಸಾವಿರಾರು ಕೋಟಿ ಹಾಕಿ ಕಟ್ಟಿದ ರಸ್ತೆಗೆ ಇಷ್ಟು ಬೇಗ ತೇಪೆ ಯಾಕೆ ಬೇಕಾಯಿತು?

ಎರಡೂ ಪ್ರಶ್ನೆಗಳ ಬೇರು ಒಂದೇ. ನಮ್ಮಲ್ಲಿ ಜನರನ್ನು ಕೇಳುವ ಕ್ರಮ ಇದೆ. ಆದರೆ ಕೇಳುವ ಹೊತ್ತಿಗೆ ನಕಾಶೆಯ ಮೇಲೆ ಗೆರೆ ಬಿದ್ದಾಗಿರುತ್ತದೆ.

21 ದಿನಗಳಲ್ಲಿ ಕೇಳುವುದು ಏನನ್ನು?

ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಅಡಿಯಲ್ಲಿ. ಅದರ 3ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ಇಂಥಿಂಥ ಜಮೀನು ಬೇಕು ಎಂದು ಮೊದಲು ಗೆಜೆಟ್‌ನಲ್ಲಿ ಪ್ರಕಟಿಸುತ್ತದೆ. ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರಬೇಕು. ಒಂದಾದರೂ ಅಲ್ಲಿನ ಜನರ ಭಾಷೆಯದ್ದಾಗಿರಬೇಕು. ನಾವು ನೋಡುವ ಜಾಹೀರಾತು ಇದೇ. ಆಕ್ಷೇಪಣೆಗೆ 21 ದಿನ ಕೊಡುವುದು 3ಸಿ ಕಲಂ. ಆ 21 ದಿನ ಶುರುವಾಗುವುದು ಗೆಜೆಟ್ ಪ್ರಕಟಣೆಯ ದಿನದಿಂದ.

ಯಾರು ಆಕ್ಷೇಪಿಸಬಹುದು? ಆ ಜಮೀನಿನಲ್ಲಿ ಹಕ್ಕು ಅಥವಾ ಹಿತ ಇರುವವರು. ಪಹಣಿಯಲ್ಲಿ ಹೆಸರಿರುವ ರೈತರಿಗೆ ಅವಕಾಶ ಉಂಟು. ಮನೆ ರಸ್ತೆಯ ಈ ಬದಿ, ಮಗುವಿನ ಶಾಲೆ ಆ ಬದಿ ಇದ್ದು, ಒಂದು ಗುಂಟೆಯೂ ಹೋಗದ ತಂದೆ ತಾಯಿಗೆ ಇಲ್ಲಿ ಜಾಗವಿಲ್ಲ. ಬೈಪಾಸ್ ಆದರೆ ವ್ಯಾಪಾರ ಕಳೆದುಕೊಳ್ಳುವ ಹೋಟೆಲಿನವರಿಗೂ ಇಲ್ಲ.

ಏನನ್ನು ಆಕ್ಷೇಪಿಸಬಹುದು? ಆ ಸರ್ವೆ ನಂಬರಿನ ಜಮೀನನ್ನು ಹೆದ್ದಾರಿಗೆ ಬಳಸುವುದನ್ನು, ಅಷ್ಟೇ. ಅಹವಾಲು ಕೇಳುವವರು ಭೂಸ್ವಾಧೀನದ ಅಧಿಕಾರಿ. ಅವರ ಆದೇಶವೇ ಅಂತಿಮ ಎಂದು ಕಾಯ್ದೆ ಹೇಳುತ್ತದೆ. ಅವರ ಮುಂದೆ ಇರುವುದು ಜಮೀನಿನ ಪಟ್ಟಿ. ರಸ್ತೆ ಹೇಗಿರಬೇಕು ಎಂಬುದನ್ನು ತೀರ್ಮಾನಿಸಿದವರು ಬೇರೆ ಕಡೆ ಇದ್ದಾರೆ. ಹಾಗಾಗಿ ಮೋರಿ ಚಿಕ್ಕದಾಯಿತು, ಅಂಡರ್‌ಪಾಸ್ ಎರಡು ಕಿಲೋಮೀಟರ್ ದೂರವಾಯಿತು ಎಂಬ ಮಾತು ನಿಜವೇ ಇದ್ದರೂ ಅಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಮುಂದೆ 3ಡಿ ಪ್ರಕಟಣೆ ಬಂದಾಗ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ. ಉಳಿಯುವುದು ಪರಿಹಾರದ ಲೆಕ್ಕ ಮಾತ್ರ.

2013ರ ಹೊಸ ಭೂಸ್ವಾಧೀನ ಕಾಯ್ದೆ ಬಂದಾಗ ಇದು ಬದಲಾಗಬಹುದು ಎಂಬ ಆಸೆ ಇತ್ತು. ಜಮೀನು ತೆಗೆದುಕೊಳ್ಳುವ ಮೊದಲು ಊರಿನ ಬದುಕಿನ ಮೇಲೆ ಏನು ಪರಿಣಾಮ ಆಗುತ್ತದೆ ಎಂಬ ಅಧ್ಯಯನ ನಡೆಯಬೇಕು, ಅದರ ಬಗ್ಗೆ ಜನರ ಮುಂದೆ ವಿಚಾರಣೆ ಆಗಬೇಕು ಎಂದು ಆ ಕಾಯ್ದೆಯಲ್ಲಿದೆ. ಆದರೆ ಹೆದ್ದಾರಿ ಕಾಯ್ದೆಯನ್ನು ಅದರ ನಾಲ್ಕನೇ ಅನುಸೂಚಿಗೆ ಸೇರಿಸಿ ಹೊರಗಿಟ್ಟರು. 2015ರಿಂದ ಪರಿಹಾರ ಮತ್ತು ಪುನರ್ವಸತಿಯ ನಿಯಮಗಳು ಮಾತ್ರ ಹೆದ್ದಾರಿಗೂ ಅನ್ವಯವಾದವು. ರೈತರ ಕೈಗೆ ಹಣ ಮೊದಲಿಗಿಂತ ಜಾಸ್ತಿ ಬಂತು. ಅದು ದೊಡ್ಡ ವಿಷಯವೇ. ಆದರೆ ಮಾತಾಡುವ ಹಕ್ಕು ಇದ್ದಲ್ಲೇ ಉಳಿಯಿತು.

ಗೆರೆ ಬೀಳುವುದು ಡಿಪಿಆರ್‌ನಲ್ಲಿ

ಹೆದ್ದಾರಿ ನಿಜವಾಗಿ ರೂಪ ಪಡೆಯುವುದು ವಿವರವಾದ ಯೋಜನಾ ವರದಿಯಲ್ಲಿ. ಎಲ್ಲರ ಬಾಯಲ್ಲೂ ಇರುವ ಹೆಸರು ಡಿಪಿಆರ್. ಹೆದ್ದಾರಿ ಪ್ರಾಧಿಕಾರ ಇದನ್ನು ಸಲಹಾ ಸಂಸ್ಥೆಯೊಂದಕ್ಕೆ ವಹಿಸುತ್ತದೆ. ಯಾವ ಜಾಡು, ಎಷ್ಟು ಅಗಲ, ಎಲ್ಲಿ ಬೈಪಾಸ್, ಎಷ್ಟು ಮೋರಿ, ಎಲ್ಲಿ ಅಂಡರ್‌ಪಾಸ್ ಎಲ್ಲವೂ ಇಲ್ಲೇ ತೀರ್ಮಾನ ಆಗುವುದು.

ಇದರ ಮುಖ್ಯ ಆಧಾರ ವಾಹನಗಳ ಎಣಿಕೆ. ರಸ್ತೆಯ ಪಕ್ಕ ಕೂತು ಹಗಲೂ ರಾತ್ರಿ, ಸಾಮಾನ್ಯವಾಗಿ ಒಂದು ವಾರ ಎಣಿಸುತ್ತಾರೆ. ಹಾಗೆ ಎಣಿಸಿದ್ದನ್ನು ಕಾರಿನ ಲೆಕ್ಕಕ್ಕೆ ಪರಿವರ್ತಿಸುತ್ತಾರೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿಯಲ್ಲಿ ಹಳ್ಳಿ ಸೀಮೆಯ ರಸ್ತೆಗಳಿಗೆ ಈ ಕೋಷ್ಟಕ ಇದೆ. ಕಾರಿಗೆ 1. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರಿಗೆ 4.5. ದೊಡ್ಡ ಎತ್ತಿನ ಗಾಡಿಗೆ 8. ಎತ್ತಿನ ಗಾಡಿ ಎಂಟು ಕಾರಿಗೆ ಸಮ ಅಂದರೆ ಅದಕ್ಕೆ ಬೆಲೆ ಜಾಸ್ತಿ ಅಂತಲ್ಲ. ಅದು ಎಂಟು ಕಾರಿನಷ್ಟು ಅಡ್ಡಿ ಮಾಡುತ್ತದೆ ಅಂತ.

ರಸ್ತೆ ಎಷ್ಟು ಅಗಲ ಇರಬೇಕು ಎಂದು ತಿಳಿಯಲು ಈ ಲೆಕ್ಕ ಬೇಕೇ ಬೇಕು. ಎಂಜಿನಿಯರುಗಳು ಇದನ್ನು ಬಿಟ್ಟು ಕೆಲಸ ಮಾಡಲಾಗದು. ಆದರೆ ಇದು ರಸ್ತೆಯ ಉದ್ದಕ್ಕೆ ಹೋಗುವವರ ಲೆಕ್ಕ. ರಸ್ತೆಯನ್ನು ಅಡ್ಡ ದಾಟುವವರ ಬದುಕು ಇದರಲ್ಲಿ ಸರಿಯಾಗಿ ಕಾಣುವುದಿಲ್ಲ. ಡೇರಿಗೆ ಹಾಲು ಹಾಕಲು ದಿನಕ್ಕೆ ಎರಡು ಸಲ ದಾಟುವ ಹೆಂಗಸು, ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಹೋಗುವ ಮುದುಕ, ಕಬ್ಬು ತುಂಬಿದ ಗಾಡಿ. ಎಷ್ಟು ಜನ ದಾಟಿದರು ಎಂದು ಕೆಲವೆಡೆ ಎಣಿಸುವುದುಂಟು. ಎಲ್ಲಿ, ಯಾವ ತಿಂಗಳು, ಯಾಕೆ ದಾಟುತ್ತಾರೆ ಎಂಬುದು ಕೆಲವೇ ದಿನಗಳ ಎಣಿಕೆಯಲ್ಲಿ ಸಿಗುವ ವಿಷಯ ಅಲ್ಲ. ಅದನ್ನು ಊರಿನವರೇ ಹೇಳಬೇಕು.

ನೀರಿನ ವಿಷಯವೂ ಹಾಗೆಯೇ. ಹಳೆ ಮೈಸೂರು ಸೀಮೆಯಲ್ಲಿ ಕೆರೆಗಳು ಒಂದರ ಕೆಳಗೊಂದು ಸರಪಳಿಯಂತೆ ಇವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಯಾವ ಹಳ್ಳ ಹಿಡಿಯುತ್ತದೆ, ಹತ್ತು ಹದಿನೈದು ವರ್ಷಕ್ಕೊಮ್ಮೆ ದೊಡ್ಡ ಮಳೆ ಬಂದಾಗ ಯಾವ ಗದ್ದೆಯ ಮೇಲೆ ಹರಿಯುತ್ತದೆ ಎಂಬುದು ಊರಿನ ಹಿರಿಯರಿಗೆ ಗೊತ್ತು. ಒಣ ಹಳ್ಳದ ಸರ್ವೆ ಬೇಸಿಗೆಯಲ್ಲಿ ನಡೆದರೆ ಅದು ಕಾಣುವುದಿಲ್ಲ.

ಒಮ್ಮೆ ಗುತ್ತಿಗೆಗೆ ಸಹಿ ಬಿದ್ದ ಮೇಲೆ ಒಂದು ಅಂಡರ್‌ಪಾಸ್ ಸೇರಿಸುವುದೂ ದೊಡ್ಡ ಕೆಲಸ. ಅದು ಕಾಮಗಾರಿಯ ವ್ಯಾಪ್ತಿ ಬದಲಾವಣೆ ಎನಿಸಿಕೊಳ್ಳುತ್ತದೆ. ಹೊಸ ಅಂದಾಜು, ಹೊಸ ಮಂಜೂರಾತಿ, ಹೆಚ್ಚಿನ ಹಣ. ಆಗ ಊರಿನವರಿಗೆ ಇರುವ ದಾರಿ ಶಾಸಕರ ಮನೆಗೆ ಹೋಗುವುದು, ಸಂಸದರಿಂದ ಪತ್ರ ಬರೆಸುವುದು, ಆಗದಿದ್ದರೆ ರಸ್ತೆಯಲ್ಲಿ ಕೂರುವುದು. ಪ್ರಭಾವ ಇರುವ ಊರಿಗೆ ಅಂಡರ್‌ಪಾಸ್ ಸಿಗುತ್ತದೆ. ಹೆಚ್ಚು ಅಗತ್ಯ ಇದ್ದ ಊರಿಗೆ ಸಿಗದೆಯೂ ಹೋಗಬಹುದು.

ಅಹವಾಲು ಸಭೆ ಎಲ್ಲಿದೆ?

ಪರಿಸರ ಅನುಮತಿಯ ಹಂತದಲ್ಲಿ ಸಾರ್ವಜನಿಕ ಅಹವಾಲು ಸಭೆ ಇದೆ ಅಲ್ವಾ ಎಂದು ಕೇಳಬಹುದು. ಇದೆ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 30 ದಿನ ಮೊದಲೇ ತಿಳಿಸಿ, ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿಯ ಮುಂದೆ, ಮಾಲಿನ್ಯ ನಿಯಂತ್ರಣ ಮಂಡಳಿ ಈ ಸಭೆ ನಡೆಸುತ್ತದೆ. ಇಲ್ಲಿ ಜಮೀನು ಕಳೆದುಕೊಳ್ಳದವರೂ ಮಾತಾಡಬಹುದು. ಇದು ನಿಜಕ್ಕೂ ಬೆಲೆಯುಳ್ಳ ಅವಕಾಶ.

ಆದರೆ ಎಲ್ಲ ಹೆದ್ದಾರಿಗೂ ಇದು ಇಲ್ಲ. 2013ರ ತಿದ್ದುಪಡಿ ಇರುವ ರಸ್ತೆಗಳ ವಿಸ್ತರಣೆಗೆ ದೊಡ್ಡ ವಿನಾಯಿತಿ ಕೊಟ್ಟಿತು. 100 ಕಿಲೋಮೀಟರಿಗಿಂತ ಉದ್ದ ಇದ್ದು, ಹೆಚ್ಚುವರಿಯಾಗಿ ಬೇಕಾದ ಅಗಲ ಈಗಾಗಲೇ ಇರುವ ಜಾಡಿನಲ್ಲಿ 40 ಮೀಟರ್, ಬೈಪಾಸ್‌ನಲ್ಲಿ 60 ಮೀಟರ್ ದಾಟಿದರೆ ಮಾತ್ರ ಅನುಮತಿ ಬೇಕು ಎಂದಾಯಿತು. ಹೆದ್ದಾರಿಗಳನ್ನು ಗುತ್ತಿಗೆಯ ಅನುಕೂಲಕ್ಕೆ ತುಂಡು ತುಂಡಾಗಿ ಮಾಡುವುದು ರೂಢಿ. ತುಂಡು ಚಿಕ್ಕದಾದಷ್ಟೂ ಈ ಮಿತಿಯ ಒಳಗೆ ಬರುತ್ತದೆ. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಸುಮಾರು 900 ಕಿಲೋಮೀಟರ್. ಅದನ್ನು 53 ಕಾಮಗಾರಿಗಳಾಗಿ ಒಡೆದಿದ್ದರಿಂದ ಒಟ್ಟು ಯೋಜನೆಗೆ ಪರಿಸರ ಪರಿಣಾಮದ ಅಧ್ಯಯನವೇ ಆಗಲಿಲ್ಲ ಎಂಬ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯಿತು.

ಹೊಸ ಜಾಡಿನ ಹೆದ್ದಾರಿಗೆ ಅಹವಾಲು ಸಭೆ ನಡೆಯುತ್ತದೆ. ಅಲ್ಲಿಯೂ ಜನರ ಮುಂದೆ ಬರುವುದು ಒಂದು ಜಾಡಿನ ವರದಿ. ಮೂರು ಜಾಡು ಇಟ್ಟು ಯಾವುದು ಲೇಸು ಎಂದು ಕೇಳುವ ಸಭೆ ಅದಲ್ಲ.

ಮೈಸೂರು ರಸ್ತೆಯಲ್ಲಿ ಆದದ್ದು

ಈ ಕ್ರಮದಿಂದ ನೆಲದ ಮೇಲೆ ಏನಾಗುತ್ತದೆ ಎಂದು ನೋಡಲು ಬೆಂಗಳೂರು–ಮೈಸೂರು ರಸ್ತೆಗಿಂತ ಹತ್ತಿರದ ಉದಾಹರಣೆ ಬೇಡ. ಸುಮಾರು 118 ಕಿಲೋಮೀಟರ್, ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥ, ಎರಡೂ ಪಕ್ಕ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸ್. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ನರೇಂದ್ರ ಮೋದಿ ಉದ್ಘಾಟಿಸಿದರು. ಮೂರು ಗಂಟೆಯ ಪ್ರಯಾಣ ಒಂದೂಕಾಲು ಗಂಟೆಗೆ ಇಳಿಯುತ್ತದೆ ಎಂದು ಸರ್ಕಾರ ಹೇಳಿತು. ದೂರದ ಪ್ರಯಾಣಿಕರಿಗೆ ಆದ ಲಾಭ ದೊಡ್ಡದು. ಊರುಗಳ ನಡುವೆ ಲಾರಿ ಬಸ್ಸುಗಳ ಗಲಾಟೆ ತಗ್ಗಿದ್ದೂ ನಿಜ.

ಆದರೆ ಅದೇ ವರ್ಷ ಆ ರಸ್ತೆಯಲ್ಲಿ ಜೀವ ಕಳೆದುಕೊಂಡವರ ಸಂಖ್ಯೆ ನೂರು ದಾಟಿತು. ಅತಿವೇಗ ಒಂದು ಕಾರಣ. ಅದರ ಬಗ್ಗೆ ಎಲ್ಲರೂ ಮಾತಾಡಿದರು. ಇನ್ನೊಂದು ಕಾರಣ ಕಡಿಮೆ ಚರ್ಚೆಯಾಯಿತು. ಒಂದೇ ಡಾಂಬರಿನ ಮೇಲೆ ಎರಡು ರೀತಿಯ ಬದುಕು ನಡೆಯುತ್ತಿತ್ತು. ಮೈಸೂರು ಮುಟ್ಟುವ ತವಕದಲ್ಲಿ ನೂರರ ಮೇಲೆ ಓಡುವ ಕಾರು ಒಂದು. ಪಕ್ಕದ ಊರಿಗೆ ಹೋಗಲು ಅದೇ ರಸ್ತೆ ಹತ್ತುವ ಬೈಕು, ಟ್ರ್ಯಾಕ್ಟರ್, ಬೇಲಿ ದಾಟಿ ಓಡುವ ಜನ ಇನ್ನೊಂದು.

ಪೊಲೀಸರು ಕ್ಯಾಮೆರಾ ಹಾಕಿದರು, ವೇಗದ ಮಿತಿ ಬಿಗಿ ಮಾಡಿದರು. 2023ರ ಆಗಸ್ಟ್ 1ರಿಂದ ಹೆದ್ದಾರಿ ಪ್ರಾಧಿಕಾರ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಹೊರಗಿಟ್ಟಿತು. ಜೀವ ಉಳಿಸುವ ದೃಷ್ಟಿಯಿಂದ ಇದು ಸರಿಯಾದ ಕ್ರಮ. ಆದರೆ ಈ ನಿಷೇಧ ನಡೆಯಬೇಕಾದರೆ ಸರ್ವಿಸ್ ರಸ್ತೆ ಬೆಂಗಳೂರಿಂದ ಮೈಸೂರಿನವರೆಗೆ ಎಲ್ಲೂ ತುಂಡಾಗದೆ ಸಾಗಬೇಕಲ್ವಾ? ಅದು ಕೆಲವೆಡೆ ಕಡಿದು ಹೋಗುತ್ತದೆ, ಬೇರೆ ದಾರಿ ಸುತ್ತಬೇಕಾಗುತ್ತದೆ ಎಂಬ ದೂರು ಮೊದಲಿಂದಲೂ ಇತ್ತು. ಹಳೆಯ ರಸ್ತೆಯಲ್ಲಿ ಬೈಕಿನವನಿಗೆ ನೇರ ದಾರಿ ಇತ್ತು. ಹೊಸ ರಸ್ತೆ ಬಂದ ಮೇಲೆ ಅವನ ದಾರಿ ಉದ್ದವಾಯಿತು. ರಸ್ತೆಗೆ ಜಾಗ ಹೋದದ್ದು ಅವನ ಊರಿನದ್ದೇ.

ದಾಟುವ ಸಮಸ್ಯೆಯೂ ಹೀಗೆ ಬೆಳೆದದ್ದು. ಬೇಲಿ ಹಾಕಿದರೆ ರಸ್ತೆ ಸುರಕ್ಷಿತ. ಆದರೆ ದಾಟುವ ಜಾಗ ದೂರವಿದ್ದರೆ ಜನ ಬೇಲಿಯಲ್ಲೇ ಸಂದು ಮಾಡಿಕೊಳ್ಳುತ್ತಾರೆ. ಅದನ್ನು ಅಶಿಸ್ತು ಎಂದು ಬೈಯುವುದು ಸುಲಭ. ಹೊಲ ಎದುರಿಗೆ ಕಾಣುತ್ತಿರುವಾಗ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತವರು ಎರಡು ಮೂರು ಕಿಲೋಮೀಟರ್ ಸುತ್ತುತ್ತಾರೆ ಎಂದು ನಂಬಿ ನಕಾಶೆ ಮಾಡಿದ್ದೇ ಮೊದಲ ತಪ್ಪು. ಈಗ ಕೇಳುತ್ತಿರುವ ಸ್ಕೈವಾಕುಗಳು ಆ ತಪ್ಪಿನ ತಿದ್ದುಪಡಿ. ಮೊದಲೇ ಕೇಳಿದ್ದರೆ ಅವು ನಕಾಶೆಯಲ್ಲೇ ಇರುತ್ತಿದ್ದವು.

ಇನ್ನು ವ್ಯಾಪಾರ. ಮದ್ದೂರಿನ ವಡೆ, ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ. ಇವೆಲ್ಲ ರಸ್ತೆಯ ಜೊತೆ ಬೆಳೆದ ಕಸುಬುಗಳು. ವಾಹನ ನಿಲ್ಲುತ್ತಿತ್ತು, ವ್ಯಾಪಾರ ಆಗುತ್ತಿತ್ತು. ಬೈಪಾಸ್ ಬಂದ ಮೇಲೆ ನಿಲ್ಲುವವರು ಕಡಿಮೆಯಾದರು. 2002ರ ಹೆದ್ದಾರಿ ನಿಯಂತ್ರಣ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಯಾರೂ ಹೆದ್ದಾರಿಗೆ ದಾರಿ ಮಾಡಿಕೊಳ್ಳುವಂತಿಲ್ಲ. ಹಾಗಾಗಿ ಅಂಗಡಿಯನ್ನು ಹೊಸ ರಸ್ತೆಯ ಪಕ್ಕಕ್ಕೆ ಸಾಗಿಸುವುದು ಸಣ್ಣ ವ್ಯಾಪಾರಿಯ ಕೈಯಲ್ಲಾಗುವ ಕೆಲಸ ಅಲ್ಲ. ಬೈಪಾಸ್ ಬೇಡವಾಗಿತ್ತು ಅಂತ ಇದರ ಅರ್ಥ ಅಲ್ಲ. ಊರಿಗೆ ತಿರುಗುವ ದಾರಿ ಎಲ್ಲಿ, ಅದಕ್ಕೆ ಫಲಕ ಹೇಗೆ, ವಿಶ್ರಾಂತಿ ತಾಣದಲ್ಲಿ ಸ್ಥಳೀಯ ಅಂಗಡಿಗಳಿಗೆ ಎಷ್ಟು ಜಾಗ ಎಂಬುದನ್ನು ರಸ್ತೆಯ ಜೊತೆಗೇ ಯೋಚಿಸಬಹುದಿತ್ತು.

ಚರಂಡಿಗೆ ಬಿದ್ದ ಮಣ್ಣು

ಒಂದು ಸಣ್ಣ ಘಟನೆ ಇಡೀ ವಿಷಯವನ್ನು ಹೇಳುತ್ತದೆ. ಉದ್ಘಾಟನೆಯಾಗಿ ವಾರವೂ ಕಳೆದಿರಲಿಲ್ಲ. ಒಂದು ರಾತ್ರಿಯ ಮಳೆಗೆ ರಾಮನಗರದ ಹತ್ತಿರ ಸಂಗಬಸವನದೊಡ್ಡಿ ಬಳಿ ಹೆದ್ದಾರಿಯಲ್ಲಿ ನೀರು ನಿಂತಿತು. ವಾಹನಗಳು ಕೆಟ್ಟು ನಿಂತವು. ಕಳಪೆ ಕಾಮಗಾರಿ ಎಂದು ವಿರೋಧ ಪಕ್ಷದವರು ಹೇಳಿದರು. ಹೆದ್ದಾರಿ ಪ್ರಾಧಿಕಾರ ಬೇರೆ ವಿವರಣೆ ಕೊಟ್ಟಿತು: ಸ್ಥಳೀಯ ಗ್ರಾಮಸ್ಥರು ತಮ್ಮ ಹೊಲಗಳಿಗೆ ಹತ್ತಿರದ ದಾರಿ ಮಾಡಿಕೊಳ್ಳಲು ಚರಂಡಿಗೆ ಮಣ್ಣು ತುಂಬಿದ್ದರು, ಅದರಿಂದ ನೀರು ಹೋಗಲಿಲ್ಲ. ಆಮೇಲೆ ಅಲ್ಲಿ ಪೈಪು ಹಾಕಿ ನೀರಿಗೆ ದಾರಿ ಮಾಡಿದರು.

ಈ ವಿವರಣೆಯನ್ನು ಹಾಗೇ ಒಪ್ಪಿಕೊಂಡು ನೋಡೋಣ. ಗ್ರಾಮಸ್ಥರು ಮಣ್ಣು ಯಾಕೆ ತುಂಬಿದರು? ಹೊಲಕ್ಕೆ ದಾರಿ ಬೇಕಿತ್ತು. ದಾರಿ ಯಾಕೆ ಇರಲಿಲ್ಲ? ನಕಾಶೆಯಲ್ಲಿ ಇರಲಿಲ್ಲ. ನಕಾಶೆಯಲ್ಲಿ ಯಾಕೆ ಇರಲಿಲ್ಲ? ಅಲ್ಲಿ ದಾರಿ ಬೇಕು ಎಂಬ ಸಂಗತಿ ನಕಾಶೆ ಮಾಡಿದವರನ್ನು ಮುಟ್ಟಲಿಲ್ಲ. ಕೊನೆಗೆ ಪೈಪು ಹಾಕಲೇಬೇಕಾಯಿತು. ಚರಂಡಿಯ ಮೇಲೆ ದಾಟಲು ಒಂದು ಸಣ್ಣ ಮೋರಿ ಮೊದಲೇ ಇದ್ದಿದ್ದರೆ ಮಣ್ಣು ಬೀಳುತ್ತಿರಲಿಲ್ಲ. ಸಾವಿರಾರು ಕೋಟಿಯ ರಸ್ತೆ ನಿಂತು ಹೋದದ್ದು ಒಂದು ಮೋರಿಯ ಕೊರತೆಗೆ.

ಅದಕ್ಕೂ ಮುಂಚೆ 2022ರ ಆಗಸ್ಟ್ ಕೊನೆಯಲ್ಲಿ ರಾಮನಗರ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ, ಕೆರೆಗಳು ತುಂಬಿ, ಇದೇ ಹೆದ್ದಾರಿ ಮುಳುಗಿತ್ತು. ಮಳೆ ಅಸಾಧಾರಣವಾಗಿತ್ತು, ಸರಿ. ಆದರೆ ಎತ್ತರಿಸಿ ಕಟ್ಟಿದ ರಸ್ತೆ ಒಂದು ಒಡ್ಡಿನ ಹಾಗೆ ವರ್ತಿಸುತ್ತದೆ. ನೀರು ದಾಟುವ ಜಾಗ ಎಷ್ಟಿರಬೇಕು ಎಂಬ ತೀರ್ಮಾನದಲ್ಲಿ ತಪ್ಪಾದರೆ ಒಂದು ಬದಿ ಊರು ಮುಳುಗುತ್ತದೆ, ಇನ್ನೊಂದು ಬದಿ ಕೆರೆ ತುಂಬುವುದಿಲ್ಲ.

ಕರಾವಳಿಯ ಗುಡ್ಡ

ಮೈಸೂರು ರಸ್ತೆಯ ತಪ್ಪುಗಳನ್ನು ಹಣದಿಂದ ತಿದ್ದಬಹುದು. ಎಲ್ಲ ಕಡೆ ಹಾಗಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ರಸ್ತೆ ಪಕ್ಕದ ಚಹಾ ಅಂಗಡಿ, ನಿಂತಿದ್ದ ವಾಹನಗಳು, ಜನ ಎಲ್ಲ ಮಣ್ಣಿನ ಜೊತೆ ಹೋದವು. ಕೊಚ್ಚಿಹೋದ ಒಂದು ಲಾರಿ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ. ಸುರಿದ ಮಳೆಯ ಜೊತೆಗೆ, ರಸ್ತೆಗಾಗಿ ಗುಡ್ಡದ ಬುಡವನ್ನು ಕಡಿದಾಗಿ ಕಡಿದದ್ದೂ ಕಾರಣ ಎಂಬ ಅಂಶ ಭೂವಿಜ್ಞಾನಿಗಳ ಪ್ರಾಥಮಿಕ ಪರಿಶೀಲನೆಯಲ್ಲೂ ಬಂತು.

ಕರಾವಳಿಯಲ್ಲಿ ಜಾಗ ಕಡಿಮೆ. ಒಂದು ಕಡೆ ಗುಡ್ಡ, ಒಂದು ಕಡೆ ನದಿ ಅಥವಾ ಸಮುದ್ರ. ಊರಿನ ಒಳಗೆ ರಸ್ತೆ ಅಗಲ ಮಾಡಿದರೆ ಮನೆ ಅಂಗಡಿ ಹೋಗುತ್ತವೆ, ಹೊರಗೆ ತಿರುಗಿಸಿದರೆ ಗದ್ದೆ ತೋಟ ಹೋಗುತ್ತವೆ, ಮೇಲಕ್ಕೆ ತಳ್ಳಿದರೆ ಗುಡ್ಡ ಕಡಿಯಬೇಕು. ಇಂಥ ಕಡೆ ಅಗಲವನ್ನು ಸ್ವಲ್ಪ ತಗ್ಗಿಸಿ ವೇಗ ಕಡಿಮೆ ಮಾಡುವುದೂ ಒಂದು ಆಯ್ಕೆ. ಅದನ್ನು ಜನರ ಮುಂದಿಟ್ಟು ಚರ್ಚಿಸಿದರೆ ಬಹಳ ಮಂದಿ ಒಪ್ಪಿಯಾರು ಎಂದು ನನಗನ್ನಿಸುತ್ತದೆ. ಆದರೆ ಆ ಪ್ರಶ್ನೆಯನ್ನು ಕೇಳುವ ವೇದಿಕೆಯೇ ಇಲ್ಲ.

ಪಕ್ಕದ ಕೇರಳದಲ್ಲಿ ಇದೇ 66ರ ಆರು ಪಥದ ಕೆಲಸ ನಡೆಯುವಾಗ 2025ರ ಮೇ ತಿಂಗಳಲ್ಲಿ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ ಗದ್ದೆಯ ಮೇಲೆ ಮಣ್ಣು ಎತ್ತಿ ಕಟ್ಟಿದ ರಸ್ತೆ ಕುಸಿಯಿತು. ಆಮೇಲೆ ಅಲ್ಲಿ ಕಂಬಗಳ ಮೇಲೆ ಸೇತುವೆ ಕಟ್ಟುವ ತೀರ್ಮಾನ ಆಯಿತು.

ವೇಗ ಬೇಕು ಎನ್ನುವವರ ವಾದ

ಹೆದ್ದಾರಿ ಕಟ್ಟುವವರ ಮಾತನ್ನೂ ಕೇಳಬೇಕು. ಅದರಲ್ಲಿ ಹುರುಳಿದೆ. ಮೊದಲನೆಯದು, ರಾಷ್ಟ್ರೀಯ ಹೆದ್ದಾರಿ ದೂರದ ಸಾಗಣೆಗೆ. ಪ್ರತಿ ಊರಿಗೂ ಹತ್ತುವ ಇಳಿಯುವ ದಾರಿ ಕೊಟ್ಟರೆ ಅದು ಮತ್ತೆ ಪೇಟೆ ಬೀದಿಯಾಗುತ್ತದೆ, ಅಪಘಾತ ಹೆಚ್ಚುತ್ತದೆ. ಇದು ಸರಿ. ದಾಟುವ ದಾರಿ ಮತ್ತು ಹತ್ತುವ ದಾರಿ ಎರಡೂ ಬೇರೆ ಬೇರೆ ಎಂಬುದನ್ನು ಮಾತ್ರ ಮರೆಯಬಾರದು. ಊರಿಗೆ ಅಂಡರ್‌ಪಾಸ್ ಕೊಟ್ಟರೆ ಹೆದ್ದಾರಿಯ ವೇಗ ಕಡಿಮೆಯಾಗುವುದಿಲ್ಲ.

ಎರಡನೆಯದು, ಮೊದಲೇ ಜಾಡು ಬಹಿರಂಗ ಮಾಡಿದರೆ ಜಮೀನು ದಲ್ಲಾಳಿಗಳು ನುಗ್ಗುತ್ತಾರೆ. ರೈತರಿಂದ ಕಡಿಮೆ ಬೆಲೆಗೆ ಕೊಂಡು, ಭೂ ಪರಿವರ್ತನೆ ಮಾಡಿಸಿ, ಸರ್ಕಾರದಿಂದ ಹೆಚ್ಚು ಪರಿಹಾರ ಪಡೆಯುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ಗುಟ್ಟಾಗಿ ಇಟ್ಟಾಗಲೂ ಸುದ್ದಿ ಸಿಗಬೇಕಾದವರಿಗೆ ಸಿಕ್ಕೇ ಸಿಗುತ್ತದೆ. ತಿಳಿಯದೆ ಉಳಿಯುವವರು ಜಮೀನು ಮಾರುವ ರೈತರು. ಎರಡು ಮೂರು ಜಾಡುಗಳನ್ನು ಒಟ್ಟಿಗೆ ಪ್ರಕಟಿಸಿ, ಆ ದಿನದಿಂದ ಭೂ ಪರಿವರ್ತನೆಯನ್ನು ತಾತ್ಕಾಲಿಕವಾಗಿ ತಡೆದರೆ ದಲ್ಲಾಳಿಯ ಲಾಭ ಬಹಳ ಕಡಿಮೆಯಾಗುತ್ತದೆ.

ಮೂರನೆಯದು ಸಮಯ. ಕೇಳುತ್ತಾ ಕೂತರೆ ಕೆಲಸ ಮುಗಿಯದು ಎನ್ನುತ್ತಾರೆ. ಕೇಳದೆ ಮಾಡಿದ ಕೆಲಸಕ್ಕೆ ಕೋರ್ಟಿನ ತಡೆ, ಧರಣಿ, ಮರುಕಾಮಗಾರಿಗಳಲ್ಲಿ ಹೋಗುವ ಕಾಲವನ್ನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಮಂಗಳೂರಿನ ಸುರತ್ಕಲ್ ಟೋಲ್ ಗೇಟ್ ವರ್ಷಗಟ್ಟಲೆ ಹೋರಾಟ ನಡೆದ ಮೇಲೆ 2022ರ ಡಿಸೆಂಬರ್ 1ರಂದು ಸುಂಕ ನಿಲ್ಲಿಸಿತು. ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ನಡುವೆ ಸಾಮಾನ್ಯವಾಗಿ 60 ಕಿಲೋಮೀಟರ್ ಇರಬೇಕು ಎಂಬ ನಿಯಮ 2008ರಿಂದ ಇದೆ. ಸುರತ್ಕಲ್ ಮತ್ತು ಹೆಜಮಾಡಿ ಟೋಲ್‌ಗಳ ನಡುವೆ ಅದರ ಕಾಲು ಭಾಗವೂ ಇರಲಿಲ್ಲ. ನಕಾಶೆ ನೋಡಿದ ಯಾರಿಗೂ ಮೊದಲ ದಿನವೇ ಕಾಣುವ ಸಂಗತಿ ಅದು.

ಊರು ಅಂದರೆ ಒಂದೇ ದನಿ ಅಲ್ಲ

ಜನರನ್ನು ಕೇಳಿ ಎನ್ನುವವರೂ ಒಂದು ಕಷ್ಟವನ್ನು ಒಪ್ಪಿಕೊಳ್ಳಬೇಕು. ಊರಿನ ಎಲ್ಲರಿಗೂ ಒಂದೇ ಬೇಡಿಕೆ ಇರುವುದಿಲ್ಲ. ಪೇಟೆಯ ವ್ಯಾಪಾರಿಗೆ ರಸ್ತೆ ಊರಿನ ಒಳಗೇ ಇರಬೇಕು, ಆದರೆ ತನ್ನ ಅಂಗಡಿ ಒಡೆಯಬಾರದು. ಹೊರವಲಯದ ತೋಟದವರಿಗೆ ಬೈಪಾಸ್ ಬೇಡ. ರಸ್ತೆಯಿಂದ ಸ್ವಲ್ಪ ದೂರ ಜಮೀನು ಇರುವವರಿಗೆ ಬೈಪಾಸ್ ಬೇಕು, ಬೆಲೆ ಏರುತ್ತದೆ. ಭೂಮಿ ಇಲ್ಲದ ಕೂಲಿಯವರಿಗೆ ಪರಿಹಾರವೂ ಇಲ್ಲ, ಕೆಲಸವೂ ಹೋಗುತ್ತದೆ. ಸಭೆ ಕರೆದರೆ ಹೆಚ್ಚು ಮಾತಾಡುವವರು ಜಮೀನು ಇರುವ ಗಂಡಸರು.

ಹಾಗಾಗಿ ಒಂದು ಸಭೆ ಕರೆದು ಸಹಿ ಹಾಕಿಸಿಕೊಂಡರೆ ಕೇಳಿದಂತೆ ಆಗುವುದಿಲ್ಲ. ದಾಟುವ ಹೆಂಗಸರನ್ನು ಬೇರೆಯಾಗಿ ಕೇಳಬೇಕು. ಶಾಲೆಯಲ್ಲಿ, ಡೇರಿಯಲ್ಲಿ, ಬಸ್ ಸ್ಟಾಂಡಿನಲ್ಲಿ ಕೇಳಬೇಕು. ನೀರಿನ ವಿಷಯ ಅಚ್ಚುಕಟ್ಟಿನ ರೈತರನ್ನು ಕೇಳಬೇಕು. ಆಮೇಲೂ ಕೆಲವರಿಗೆ ಬೇಸರ ಆಗುತ್ತದೆ. ತೀರ್ಮಾನ ಸರ್ಕಾರವೇ ಮಾಡಬೇಕು. ಆದರೆ ಯಾವ ಸಲಹೆ ಒಪ್ಪಿದೆವು, ಯಾವುದನ್ನು ಬಿಟ್ಟೆವು, ಯಾಕೆ ಎಂದು ಕನ್ನಡದಲ್ಲಿ ಬರೆದು ಕೊಟ್ಟರೆ ಬೇಸರ ಆದವರಿಗೂ ಕಾರಣ ತಿಳಿಯುತ್ತದೆ.

ಅಮೆರಿಕ ತಡವಾಗಿ ಕಲಿತದ್ದು

ದೊಡ್ಡ ಹೆದ್ದಾರಿಗಳನ್ನು ನಮಗಿಂತ ಮೊದಲು ಕಟ್ಟಿದ ಅಮೆರಿಕವೂ ಇದೇ ತಪ್ಪು ಮಾಡಿತ್ತು. 1950 ಮತ್ತು 60ರ ದಶಕಗಳಲ್ಲಿ ನಗರಗಳ ನಡುವೆ ಹೆದ್ದಾರಿ ತೂರಿಸುವಾಗ ಕಪ್ಪು ಜನರ ಬಡಾವಣೆಗಳನ್ನು ಸೀಳಿದರು. ಮಿನೆಸೋಟಾ ರಾಜ್ಯದ ಸೇಂಟ್ ಪಾಲ್ ನಗರದ ರೊಂಡೊ ಬಡಾವಣೆ ಹೀಗೆ ಎರಡಾಯಿತು. ನೂರಾರು ಮನೆಗಳು ಹೋದವು. 2015ರಲ್ಲಿ ಅಲ್ಲಿನ ಸಾರಿಗೆ ಇಲಾಖೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಿದರು.

ಅಂಥ ಅನುಭವಗಳ ನಂತರ, 1970ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಪರಿಸರ ನೀತಿ ಕಾಯ್ದೆಯ ಅಡಿಯಲ್ಲಿ ಅಲ್ಲಿ ಒಂದು ಪದ್ಧತಿ ಬೆಳೆಯಿತು. ದೊಡ್ಡ ಹೆದ್ದಾರಿ ಯೋಜನೆಗೆ ಹಲವು ಆಯ್ಕೆಗಳನ್ನು ಪಕ್ಕ ಪಕ್ಕ ಇಟ್ಟು ಹೋಲಿಸಬೇಕು. ಅದರಲ್ಲಿ ಏನೂ ಕಟ್ಟದೆ ಇರುವುದೂ ಒಂದು ಆಯ್ಕೆ. ಬಂದ ಅಭಿಪ್ರಾಯಗಳಿಗೆ ಉತ್ತರ ಕೊಡಬೇಕು. ದೊಡ್ಡ ನಗರ ಪ್ರದೇಶಗಳು ಕನಿಷ್ಠ 20 ವರ್ಷ ಮುಂದಕ್ಕೆ ಸಾರಿಗೆ ಯೋಜನೆ ಮಾಡಿ, ಕೆಲವು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಇದರಿಂದ ಯೋಜನೆಗಳು ವರ್ಷಗಟ್ಟಲೆ ಎಳೆಯುತ್ತವೆ ಎಂಬ ದೂರು ಅಲ್ಲೂ ಜೋರಾಗಿದೆ. ಅದನ್ನೇ ಇಲ್ಲಿ ಇಳಿಸಬೇಕಿಲ್ಲ. ಆಯ್ಕೆಗಳನ್ನು ಪಕ್ಕ ಪಕ್ಕ ತೋರಿಸುವುದು ಮತ್ತು ಉತ್ತರ ಬರೆಯುವುದು, ಇವೆರಡಕ್ಕೆ ಹೆಚ್ಚು ಕಾಲ ಬೇಡ.

ಕುಶಾಲನಗರದ ಕಡೆಗೆ

ಗೆಜ್ಜಲಗೆರೆಯ ಅದೇ ವೇದಿಕೆಯಲ್ಲಿ, ಅದೇ ದಿನ, ಇನ್ನೊಂದು ರಸ್ತೆಗೆ ಅಡಿಗಲ್ಲು ಬಿತ್ತು. ಮೈಸೂರು–ಕುಶಾಲನಗರ ನಾಲ್ಕು ಪಥದ ಹೆದ್ದಾರಿ, 92 ಕಿಲೋಮೀಟರ್, ಸುಮಾರು 4,130 ಕೋಟಿ ರೂಪಾಯಿ. ಹುಣಸೂರು, ಪಿರಿಯಾಪಟ್ಟಣ ಸೀಮೆಯ ತಂಬಾಕು, ಜೋಳದ ಹೊಲಗಳ ನಡುವಿನ ದಾರಿ ಅದು. ಆಚೆಗೆ ನಾಗರಹೊಳೆ ಕಾಡು, ಆನೆ ಊರಿಗೆ ಬರುವ ಹಳ್ಳಿಗಳು.

ಅಲ್ಲಿ ಜಾಡಿನ ಗೆರೆ ಆಗಲೇ ಬಿದ್ದಿದೆ. ಅದನ್ನು ಅಳಿಸುವ ಮಾತು ಈಗ ಸುಮ್ನೆ ಕಾಲಹರಣ. ಆದರೆ ಡಾಂಬರು ಬಿದ್ದು ಟೋಲ್ ಶುರುವಾಗುವ ಮೊದಲು ತಿದ್ದಬಹುದಾದ್ದು ಬಹಳ ಇದೆ. ಸರ್ವಿಸ್ ರಸ್ತೆ ಎಲ್ಲಿ ಕಡಿಯುತ್ತದೆ? ಹೊಲಕ್ಕೆ ಹೋಗುವ ಪ್ರತಿ ಬಂಡಿ ದಾರಿಗೂ ಚರಂಡಿಯ ಮೇಲೆ ಮೋರಿ ಇದೆಯಾ? ಯಾವ ಅಂಡರ್‌ಪಾಸಿನಲ್ಲಿ ತಂಬಾಕು ತುಂಬಿದ ಟ್ರ್ಯಾಕ್ಟರ್ ಹಿಡಿಸುತ್ತದೆ, ಯಾವುದರಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ? ಬೈಕು ನಿಷೇಧ ಆದರೆ ಬೈಕಿನವರು ಯಾವ ದಾರಿಯಲ್ಲಿ ಹೋಗುತ್ತಾರೆ?

ಇವನ್ನು ಕೇಳಲು ಹೊಸ ಕಾಯ್ದೆ ಬೇಕಿಲ್ಲ. ಅನುಮೋದನೆಯಾದ ನಕಾಶೆಯನ್ನು ಹಳ್ಳಿವಾರು ಹಾಳೆ ಮಾಡಿ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದರೆ ಸಾಕು. ಮೋರಿ, ಅಂಡರ್‌ಪಾಸ್, ಬಸ್ ನಿಲ್ಲುವ ಜಾಗ ಎಲ್ಲವೂ ಕನ್ನಡದಲ್ಲಿ, ಊರಿನವರಿಗೆ ಗುರುತು ಸಿಗುವ ಹೆಸರುಗಳಲ್ಲಿ ಇರಬೇಕು. ಕಿಲೋಮೀಟರ್ 42.600 ಎಂದರೆ ಯಾರಿಗೂ ತಿಳಿಯದು. ಆಲದ ಮರದ ಹಳ್ಳ ಎಂದರೆ ಇಡೀ ಊರಿಗೆ ಗೊತ್ತು. ನಕಾಶೆ ಅಂಟಿಸಿಲ್ಲ ಎಂದಾದರೆ ಪಂಚಾಯಿತಿಯೇ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೆ ಬರೆದು ಕೇಳಬಹುದು. ಮಾಹಿತಿ ಹಕ್ಕಿನಲ್ಲಿ 30 ದಿನಗಳೊಳಗೆ ಉತ್ತರ ಬರಬೇಕು. ಗ್ರಾಮಸಭೆಯಲ್ಲಿ ಚರ್ಚಿಸಿ, ದಾಟುವ ಜಾಗಗಳ ಪಟ್ಟಿಯನ್ನು ನಿರ್ಣಯವಾಗಿ ಕಳಿಸಿದರೆ ಅದು ದಾಖಲೆಯಾಗಿ ಉಳಿಯುತ್ತದೆ. ಮುಂದೆ ಅಲ್ಲಿ ಅಪಘಾತವಾದರೆ, ನೀರು ನಿಂತರೆ, ಯಾವ ದಿನ ಯಾರಿಗೆ ತಿಳಿಸಿದ್ದೆವು ಎಂದು ತೋರಿಸಲು ತಾರೀಖು ಹಾಕಿದ ಆ ಹಾಳೆ ಇರುತ್ತದೆ.